ಜೀವಂತ ಗಂಡನ ಫೋಟೊಕ್ಕೆ ಹಾರ ತಂದವರಿಗೆ

ಯೋಧರ ಮನೆಮನೆಗೂ ಗೌರವ ತಲುಪಿಸುವ ಹೊಣೆ ಹೊತ್ತ ನಮ್ಮ ಜಿಲ್ಲೆಯ ಮಾನ್ಯ ಅಧಿಕಾರಿಗಳೇ,

ದೀಪಾವಳಿಗೆ ಮುಂಚೆ ತಮ್ಮ ಕಚೇರಿ ಊರೂರಿಗೆ ಹಂಚಿದ ವಿಡಿಯೊದಲ್ಲಿ ಹೊಸ್ತಿಲ ಮೇಲೆ ಕುಸಿದು ಅಳುತ್ತಿರುವ ಹೆಂಗಸು ನಾನು. ಕೆಳಗೆ 'ವೀರಪತ್ನಿಯ ಆನಂದಬಾಷ್ಪ' ಎಂದು ಬರೆಸಿದ್ದೀರಿ, ಹಿಂದೆ ಕೊಳಲು ನುಡಿಸಿದ್ದೀರಿ. ತಮ್ಮ ಅವಗಾಹನೆಗೆ ತರುವುದೇನೆಂದರೆ, ಅದು ಆನಂದಬಾಷ್ಪವಲ್ಲ. ಆ ಗಳಿಗೆಯಲ್ಲಿ ನಾನು ವಿಧವೆಯಾಗಿದ್ದೆ. ಗಂಡ ಬದುಕಿರುವಾಗಲೇ ನನ್ನನ್ನು ವಿಧವೆ ಮಾಡಿದ ಕೀರ್ತಿ ತಮ್ಮ ಕಚೇರಿಗೆ ಸಲ್ಲಬೇಕು. ಇಷ್ಟು ವರ್ಷ ಗಡಿಯಾಚೆಯವರು ಪ್ರಯತ್ನಪಟ್ಟರೂ ಅವರ ಕೈಯಲ್ಲಿ ಆಗದ ಕೆಲಸ ಅದು.

ನಾನು ಸಾರಿಕಾ. ಖಡಕವಾಡಿಯ ಫೌಜಿ ಹಣಮಂತ ನಿಕಮ್ ಅವರ ಹೆಂಡತಿ. ಕರಾಡದ ಕಾಲೇಜಿನಲ್ಲಿ ಓದಿದವಳಾದ್ದರಿಂದ ನಿಮ್ಮ ಸುತ್ತೋಲೆಗಳ ಭಾಷೆ ನನಗೆ ಅಷ್ಟಿಷ್ಟು ಬರುತ್ತದೆ. ಆದ್ದರಿಂದ ಅದೇ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾನು ಮತ್ತು ಅತ್ತೆ ಗೌರಾಬಾಯಿ, ಇಬ್ಬರೇ. ಮಕ್ಕಳಿನ್ನೂ ಆಗಿಲ್ಲ. ಯಾಕೆ ಎಂದು ಊರಿನವರು ಕೇಳಿದರೆ, "ರಜಾ ಕೊಡೋರನ್ನ ಹೋಗಿ ಕೇಳ್ರಿ, ನನ್ನ ಸೊಸೀನ್ನ ಏನ ಕೇಳ್ತೀರಿ?" ಎಂದು ಅತ್ತೆ ಬಾಯಿ ಮುಚ್ಚಿಸುತ್ತಾರೆ.

ನಮ್ಮೂರಿನ ಬಗ್ಗೆ ತಾವು ಪ್ರತಿ ಭಾಷಣದಲ್ಲೂ ಹೇಳುತ್ತೀರಿ, ಇಲ್ಲಿ ಮನೆಗೊಬ್ಬ ಯೋಧ ಹುಟ್ಟುತ್ತಾನೆ ಎಂದು. ಹುಟ್ಟುವುದೇನೋ ನಿಜ. ಇರುವುದು ಮಾತ್ರ ಗೋಡೆಯ ಮೇಲೆ. ನಮ್ಮಲ್ಲಿ ಯಾರ ಮನೆಗೆ ಹೋದರೂ ನಡುಮನೆಯ ಗೋಡೆಯಲ್ಲಿ ಸಮವಸ್ತ್ರದ ಒಂದು ಫೋಟೊ ಇರುತ್ತದೆ. ಹಾರವಿಲ್ಲದ ಫೋಟೊ ಇದ್ದರೆ ಅವನು ನೌಕರಿಯಲ್ಲಿದ್ದಾನೆ. ಹಾರವಿದ್ದರೆ ಇನ್ನು ಬರುವುದಿಲ್ಲ. ಮಾತು ಬಾರದ ಕೂಸಿಗೂ ಖಡಕವಾಡಿಯಲ್ಲಿ ಇಷ್ಟು ತಿಳಿಯುತ್ತದೆ. ಹೊಸ ಸೊಸೆಯರು ಹಬ್ಬದ ದಿನ ಉಳಿದ ಹೂವನ್ನು ಗಂಡನ ಫೋಟೊಕ್ಕೆ ಏರಿಸದಂತೆ ಅತ್ತೆಯಂದಿರು ಕಾಯುತ್ತಾರೆ.

ಇನ್ನು ಜೀಪಿನ ವಿಷಯ. ನಮ್ಮೂರಿಗೆ ಭೂಮಿಯ ಲೆಕ್ಕ ಬರೆಯುವ ತಲಾಠಿ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಾನೆ. ಡಾಕ್ಟರಮ್ಮ ಬಸ್ಸಿನಲ್ಲಿ ಬರುತ್ತಾಳೆ. ಮತ ಕೇಳುವವರು ಬಿಳಿ ಕಾರುಗಳಲ್ಲಿ ಬರುತ್ತಾರೆ. ಬಾವುಟ ಕಟ್ಟಿದ ಸರಕಾರಿ ಜೀಪು ಮಾರುತಿ ಗುಡಿಯ ಹತ್ತಿರ ಒಳಗಿನ ಓಣಿಗೆ ತಿರುಗಿದರೆ ಅದಕ್ಕೆ ಒಂದೇ ಅರ್ಥ. ಆಗ ಹೊಲದಲ್ಲಿದ್ದವರು ಕುಡುಗೋಲು ಬಿಟ್ಟು ಎದ್ದು ನಿಲ್ಲುತ್ತಾರೆ. ಒಬ್ಬೊಬ್ಬಳೂ ಜೀಪು ತನ್ನ ಮನೆಯನ್ನು ದಾಟಿ ಹೋಗಲಿ ಎಂದು ಬೇಡಿಕೊಳ್ಳುತ್ತಾಳೆ. ದಾಟಿ ಹೋದರೆ ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೊಳ್ಳುತ್ತಾಳೆ.

ಆಗ ನಮ್ಮೂರಲ್ಲಿ ಒಂದು ರೂಢಿ ಇದೆ. ಯಾವ ಯೋಜನೆಯಲ್ಲೂ ಇಲ್ಲದ್ದು. ಜೀಪು ದೊಡ್ಡ ಬಾವಿಯನ್ನು ಸುತ್ತಿಕೊಂಡು ಬರಬೇಕು, ಹೆಂಗಸರು ಹಿತ್ತಿಲು ಹಾರಿ ಹೋಗಬಹುದು. ಜೀಪು ಯಾವ ಮನೆಗೆ ಎಂದು ಅಂದಾಜಾದ ತಕ್ಷಣ ಓಣಿಯ ಒಬ್ಬಳಾದರೂ ಓಡಿ, ಸಾಹೇಬರಿಗಿಂತ ಮುಂಚೆ ಆ ಮನೆ ಸೇರಿ, ಮನೆಯೊಡತಿಯನ್ನು ತಬ್ಬಿ ಹಿಡಿಯಬೇಕು. ಏನೂ ಹೇಳಬೇಕಾಗಿಲ್ಲ, ಹಿಡಿದುಕೊಂಡರೆ ಸಾಕು. ಆ ಮಾತು ಅವಳ ಕಿವಿಗೆ ಬೀಳುವಾಗ ಅವಳು ಒಬ್ಬಳೇ ನಿಂತಿರಬಾರದು.

ಈ ರೂಢಿ ಶುರುಮಾಡಿದವಳು ನಮ್ಮ ಹಿತ್ತಿಲಿಗೆ ಹೊಂದಿದ ಮನೆಯವಳು; ಹೆಸರು ಶಾಲನ, ನಮಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಬಹಳ ಹಿಂದೆ ಅವಳ ಮನೆಗೆ ಜೀಪು ಬಂದಾಗ ಮುಂಚೆ ಓಡಿಬಂದವರು ಯಾರೂ ಇರಲಿಲ್ಲ. "ನಾ ಹಿಟ್ಟು ನಾದ್ತಿದ್ದೆ," ಎಂದು ಅವಳು ನನಗೆ ಹೇಳಿದ್ದಳು. "ಸಾಯೇಬ್ರು ಬಾಗಿಲದಾಗ ನಿಂತು ಟೋಪಿ ತಗದ್ರು. ಮಾತಾಡಾಕ ಬಾಯೇ ಬರವಲ್ದು ಅವರಿಗೆ. ಬಿಸಲಾಗ ಬಂದಾರ, ನೀರಡಿಕಿ ಆಗಿರಬೇಕಂತ ತಂಬಿಗಿ ತುಂಬಿ ಕೊಟ್ಟೆ. ಕುಡದ್ರು ಪಾಪ. ಕುಡದು ಆಮ್ಯಾಲ ಹೇಳಿದ್ರು." ತಾನು ಬದುಕಿರುವವರೆಗೆ ಇನ್ನೊಬ್ಬಳು ಹಾಗೆ ಒಬ್ಬಳೇ ನಿಂತು ನೀರು ಕೊಡಬಾರದು ಎಂದು ಅವಳು ಅವತ್ತೇ ನಿಶ್ಚಯಿಸಿದಳಂತೆ.

ಈಗ ತಾವು ದಯಮಾಡಿಸಿದ ದಿನಕ್ಕೆ ಬರುತ್ತೇನೆ. ನಾನೂ ಅತ್ತೆಯೂ ಅಂಗಳದಲ್ಲಿ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದೆವು. ಹಣಮಂತ ಫೋನ್ ಮಾಡಿ ಬಹಳ ದಿನವಾಗಿತ್ತು. "ಮ್ಯಾಲಿನ ಪೋಸ್ಟಿಗೆ ಹೊಂಟೀನಿ, ಅಲ್ಲಿ ಫೋನ್ ಹತ್ತೂದಿಲ್ಲ, ಕಾಳಜಿ ಮಾಡಬ್ಯಾಡ" ಎಂದು ಹೇಳಿಯೇ ಹೋಗಿದ್ದರು. ಕಾಳಜಿ ಮಾಡಬೇಡ ಎಂದು ಹೇಳುವುದು ಅವರ ನೌಕರಿಯ ಭಾಗ, ಮಾಡುವುದಿಲ್ಲ ಎನ್ನುವುದು ನನ್ನ ನೌಕರಿಯ ಭಾಗ. ಜೀಪಿನ ಸದ್ದು ನಮಗೆ ಕೇಳಿಸಿತು. ಅತ್ತೆ ತಲೆ ಎತ್ತಲಿಲ್ಲ, ಕಾಯಿ ಬಿಡಿಸುವುದನ್ನು ಮಾತ್ರ ಜೋರು ಮಾಡಿದರು. ಅಷ್ಟರಲ್ಲಿ ಹಿತ್ತಿಲ ಬಾಗಿಲು ದೂಡಿಕೊಂಡು ಶಾಲನ ಕಾಕು ಬಂದಳು. ಸೆರಗು ಜಾರಿತ್ತು, ಕಾಲಲ್ಲಿ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಬಂದವಳೇ ನನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವಳ ಹೆಗಲ ಮೇಲಿಂದ ನಾನು ನೋಡಿದ್ದು ಇದು: ಜೀಪಿನಿಂದ ತಮ್ಮ ಕಚೇರಿಯ ಸಿಪಾಯಿ ಇಳಿದ. ಅವನ ಎರಡೂ ಕೈಯಲ್ಲಿ ಗಾಜು ಹಾಕಿಸಿದ ದೊಡ್ಡ ಫೋಟೊ. ಫೋಟೊದಲ್ಲಿ ಸಮವಸ್ತ್ರ ತೊಟ್ಟ ನನ್ನ ಗಂಡ. ಫೋಟೊಕ್ಕೆ ಚೆಂಡು ಹೂವಿನ ಹಾರ.

ಆಮೇಲೆ ನನ್ನ ಕೈಗಳು ಏನು ಮಾಡಿದವೋ ಅದನ್ನು ನಾನು ನೋಡಲಿಲ್ಲ, ಸದ್ದು ಮಾತ್ರ ಕೇಳಿಸಿತು. ಹೊಸ್ತಿಲ ಕಲ್ಲಿಗೆ ಬಳೆ ಬಡಿಯುವ ಸದ್ದು. ಹಸಿರು ಗಾಜಿನ ಬಳೆಗಳು, ಹಣಮಂತ ಹೋಗುವ ಮುನ್ನ ನನಗೆ ಜಾತ್ರೆಯಿಂದ ತಂದುಕೊಟ್ಟವು. ನಮ್ಮಲ್ಲಿ ಅಕಸ್ಮಾತ್ತಾಗಿ ಒಂದು ಬಳೆ ಒಡೆದರೂ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಎರಡೂ ಕೈಯವನ್ನು ಒಡೆದುಕೊಂಡೆ. ಹಣೆ ಒರೆಸಿಕೊಂಡೆ. ಕೊರಳಿಗೆ ಕೈ ಹಾಕುವಷ್ಟರಲ್ಲಿ ತಾವು ಬಾಗಿಲಿಗೆ ಬಂದು, ಟೋಪಿ ತೆಗೆದು, ಎಷ್ಟು ಪ್ರೀತಿಯಿಂದ ನಕ್ಕಿರಿ! "ತಾಯಿ, ಇಡೀ ಜಿಲ್ಲೆ ನಿಮ್ಮ ಜೊತೆಗಿದೆ," ಎಂದಿರಿ.

ಮಾನ್ಯರೇ, ಈ ಮಾತನ್ನು ಇನ್ನಾವ ಸಂದರ್ಭದಲ್ಲಿ ಆಡುತ್ತಾರೆ ಎಂದು ಒಮ್ಮೆ ಯೋಚಿಸಿ.

"ಎಲ್ಲಿ ಬಿದ್ದ ನನ್ನ ಮಗ?" ಎಂದು ಅತ್ತೆ ಕೇಳಿದರು.

"ಯಾರು ಬಿದ್ದರಮ್ಮಾ?" ಎಂದು ತಾವು ಸುತ್ತ ನೋಡಿದಿರಿ.

ತಮ್ಮ ವಿಡಿಯೊದವನು, "ಅಜ್ಜೀ, ಸ್ವಲ್ಪ ಈ ಕಡೆ ಮುಖ ಮಾಡಿ. ಅಕ್ಕಾ, ನೀವು ಹಂಗೇ ಇರಿ, ಛಲೋ ಬರ್ತಿದೆ," ಎಂದ. ಹಿಂದೆ ಓಡೋಡಿ ಬಂದ ನಮ್ಮ ಸರಪಂಚ ಬಾಗಿಲಿನ ಹೊರಗಿಂದಲೇ ಕೂಗಿದ: "ಗೌರಾ ಮಾಂವಶೀ! ಹಣಮಂತ ಆರಾಮ ಅದಾನ! ಏನೂ ಆಗಿಲ್ಲ! ಇವರು ಸನ್ಮಾನ ಮಾಡಾಕ ಬಂದಾರ!"

ಕೇಳಿ ಅತ್ತೆ ಅವನಿಗೆ ಶೇಂಗಾ ಬಳ್ಳಿಯಿಂದಲೇ ಹೊಡೆದರು. ಆ ಭಾಗವನ್ನು ವಿಡಿಯೊದಲ್ಲಿ ಕತ್ತರಿಸಿದ್ದೀರಿ. ಅದು ಇದ್ದಿದ್ದರೆ ಜನ ಇನ್ನೂ ಹೆಚ್ಚು ನೋಡುತ್ತಿದ್ದರು.

ಆಮೇಲೆ ತಾವು ಎಲ್ಲವನ್ನೂ ವಿವರಿಸಿದಿರಿ. ಯೋಜನೆಯ ಹೆಸರೇ 'ಅನಿರೀಕ್ಷಿತ ಗೌರವ'ವಂತೆ. ಮನೆಯವರಿಗೆ ಮುಂಚೆ ತಿಳಿಸಿದರೆ ಮುಖದ ಮೇಲೆ ಸಹಜ ಭಾವ ಮೂಡುವುದಿಲ್ಲವಂತೆ. ಸರಪಂಚನಿಗೂ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದ್ದಿರಂತೆ. ಹಾರ ತಂದದ್ದು ಅತ್ತೆಯ ಕೊರಳಿಗೆ, ಜೀಪಿನ ಕುಲುಕಾಟದಲ್ಲಿ ಹೂವು ನಲುಗಬಾರದೆಂದು ಸಿಪಾಯಿ ಅದನ್ನು ಫೋಟೊಕ್ಕೆ ಏರಿಸಿದ್ದನಂತೆ. ಇದರಲ್ಲಿ ಯಾರದೂ ತಪ್ಪಿಲ್ಲ, ನಾನು ಒಪ್ಪುತ್ತೇನೆ. ಹೂವು ನಲುಗಲಿಲ್ಲ. ಆದರೆ ಗಡಿಯಲ್ಲಿ ಮಗನನ್ನು ಬಿಟ್ಟವರ ಮನೆಗೆ ಅನಿರೀಕ್ಷಿತವಾಗಿ ಹೋಗಬೇಕೆಂಬ ಆಲೋಚನೆ ಯಾವ ಪುಣ್ಯಾತ್ಮನಿಗೆ ಹೊಳೆಯಿತು? ನಮ್ಮ ಬಾಳಿನಲ್ಲಿ ಅನಿರೀಕ್ಷಿತಕ್ಕೆ ಕೊರತೆ ಬಿದ್ದಿದೆ ಎಂದು ತಮಗೆ ಯಾರು ವರದಿ ಕೊಟ್ಟರು?

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಗಾಜು ಗುಡಿಸಿ ಸುಮ್ಮನಾಗುತ್ತಿದ್ದೆ. ಬರೆಯುವಂತೆ ಮಾಡಿದ್ದು ತಾವು ಕೊಟ್ಟ ಒಂದು ಉತ್ತರ. ಅತ್ತೆಗೆ ತಾವು ಶಾಲು ಹೊದಿಸುವಾಗ ಅವರು ತಮ್ಮ ಕೈ ಹಿಡಿದು ಕೇಳಿದರು, ನೆನಪಿದೆಯೇ? "ಆರಾಮ ಅದಾನ ಅಂದ್ರಲ್ಲ ಸಾಯೇಬ್ರ, ನಿಮಗ ಯಾರು ಹೇಳಿದ್ರು? ಮಾತಾಡೀರೇನು ಅವನ ಕೂಡ?"

ತಾವು ಸತ್ಯವಂತರು, ಸುಳ್ಳು ಹೇಳಲಿಲ್ಲ. "ಇಲ್ಲಮ್ಮ, ಅದು ನಮ್ಮ ವ್ಯಾಪ್ತಿಗೆ ಬರೋದಿಲ್ಲ. ಬೇರೆ ಥರದ ಸುದ್ದಿ ಇದ್ದಿದ್ದರೆ ನಮಗೆ ಬಂದಿರ್ತಿತ್ತು. ಬಂದಿಲ್ಲ ಅಂದ ಮೇಲೆ ಆರಾಮಾಗೇ ಇರಬೇಕು," ಎಂದಿರಿ.

ಆ ಮಾತನ್ನು ನಾನು ಅಂದಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಒಬ್ಬ ಯೋಧ ಸತ್ತರೆ ಹೇಳಲು ತಮ್ಮಲ್ಲಿ ಜನ ಇದ್ದಾರೆ, ಜೀಪು ಇದೆ, ಟೋಪಿ ತೆಗೆಯುವ ಕ್ರಮವೂ ಇದೆ. ಅವನು ಬದುಕಿದ್ದಾನೆ ಎಂದು ಹೇಳುವುದು ಈ ಇಡೀ ದೇಶದಲ್ಲಿ ಯಾರ ಕೆಲಸ? ಯಾರ ವ್ಯಾಪ್ತಿ? ಇವತ್ತು ಅವನು ಉಂಡ, ಅವನಿಗೆ ಕೆಮ್ಮು ಕಡಿಮೆಯಾಗಿದೆ, ಎಂದು ಯಾವ ಕಚೇರಿಯ ಬಾಗಿಲಿಗೆ ಹೋಗಿ ಕೇಳಬೇಕು? ಎಲ್ಲಿದ್ದಾನೆಂದು ಹೇಳಬೇಡಿ. ಅದು ಹೇಳಬಾರದ್ದು ಎಂದು ಫೌಜಿಯ ಹೆಂಡತಿಗೆ ಕಲಿಸಬೇಕಾಗಿಲ್ಲ. ಇದ್ದಾನೆ ಎಂಬ ಒಂದು ಶಬ್ದಕ್ಕೆ ಯಾವ ಗುಟ್ಟು ಬಯಲಾಗುತ್ತದೆ?

ತಾವು ಹೋದ ಮೇಲೆ ಅತ್ತೆ ಪಟ್ಟು ಹಿಡಿದರು. "ಅವನ ದನಿ ನನ್ನ ಕಿವೀಲೇ ಕೇಳೋತನಕ ಬಳಿ ತೊಡಬ್ಯಾಡ. ಒಮ್ಮೆ ಒಡದದ್ದು ಒಡದತಿ. ಮತ್ತ ತೊಟ್ಟು ಮತ್ತ ಒಡಿಯೂದು ಬ್ಯಾಡ," ಎಂದರು. ನಾನು ವಾದ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಧೈರ್ಯವಿರಲಿಲ್ಲ. ಸ್ವಲ್ಪ ಹೊತ್ತಾದರೂ ಒಮ್ಮೆ ವಿಧವೆಯಾದವಳು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಒಂದು ಕಾಲು ಅಲ್ಲೇ ಉಳಿಯುತ್ತದೆ.

ಬರಿಗೈಯಲ್ಲಿ ದೀಪಾವಳಿ ಬಂತು. ನಾನು ಅಂಗಳದಲ್ಲಿ ರಂಗೋಲಿ ಹಾಕಲಿಲ್ಲ. ತುಳಸಿ ಲಗ್ನಕ್ಕೆ ಓಣಿಯ ಹೆಂಗಸರು ಕರೆಯಲು ಬಂದು, ನನ್ನ ಮಣಿಕಟ್ಟು ನೋಡಿ, ಅತ್ತೆಯ ಜೊತೆ ಹವೆಯ ಬಗ್ಗೆ ಮಾತಾಡಿ ಹೋದರು. ಅವರದು ಕೆಟ್ಟ ಮನಸ್ಸಲ್ಲ. ನನ್ನನ್ನು ಮುತ್ತೈದೆ ಎಂದು ಕರೆಯಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ಅದನ್ನು ಹೇಳುವ ಕಚೇರಿಯೂ ಇಲ್ಲ.

ಹೀಗೆ ನಾನು ಒಬ್ಬಳೇ ಉಳಿದೆ. ಒಂಟಿತನ ನನಗೆ ಹೊಸದಲ್ಲ. ಗಂಡ ರಜೆಗೆ ಬಂದರೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಾರೆ. ಅದು ಗೊತ್ತಾಗುವಷ್ಟರಲ್ಲಿ ಟ್ರಂಕು ತುಂಬುವ ದಿನ ಬಂದಿರುತ್ತದೆ. ಹೋಗುವ ದಿನ ಅವರ ತಾಯಿ ಬಸ್ಸಿನವರೆಗೆ ಹೋಗುತ್ತಾರೆ. ಹೆಂಡತಿ ಹೋಗುವ ಪದ್ಧತಿ ಇಲ್ಲ, ಹಿತ್ತಿಲ ಗೋಡೆಯ ಹತ್ತಿರ ನಿಂತು ಬಸ್ಸಿನ ಟಾಪು ತಿರುವಿನಲ್ಲಿ ಮರೆಯಾಗುವವರೆಗೆ ನೋಡಬೇಕು. ಅತ್ತೆಗೆ ಉಸಿರು ಕಟ್ಟಿದಾಗ ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದವಳೂ ನಾನೇ. ಇಡೀ ದೇಶ ನಿಮ್ಮ ಬೆನ್ನ ಹಿಂದಿದೆ ಎಂದು ತಾವು ಪ್ರತಿ ಸಭೆಯಲ್ಲೂ ಹೇಳುತ್ತೀರಿ. ಅವತ್ತು ಗಾಡಿಯಲ್ಲಿ ಹಿಂತಿರುಗಿ ನೋಡಿದೆ, ಹಾಲಿನ ಕ್ಯಾನುಗಳಿದ್ದವು. ಇದೆಲ್ಲ ನನಗೆ ರೂಢಿಯಾಗಿತ್ತು. ಬರಿಗೈಯ ಒಂಟಿತನ ಬೇರೆಯೇ ಇತ್ತು. ಮೊದಲು ಅವರು ದೂರ ಇದ್ದರು. ಈಗ ಎಲ್ಲಿಯೂ ಇಲ್ಲದಂತಾದರು.

ಕೊನೆಗೂ ಫೋನ್ ಬಂತು. ಪೋಸ್ಟಿನಿಂದ ಕೆಳಗಿಳಿದಿದ್ದರು. ಅತ್ತೆ ಮೊದಲು ಕಸಿದುಕೊಂಡು ಕೇಳಿ, "ಇನ್ನೊಮ್ಮಿ ಮಾತಾಡು. ಏನರ ಮಾತಾಡೋ, ಬೈಯಿ ಬೇಕಾರ," ಎಂದು ಅತ್ತು, ಆಮೇಲೆ ನನಗೆ ಕೊಟ್ಟರು.

"ಏನ ಬಾಯಿಸಾಹೇಬ, ದೊಡ್ಡ ಸ್ಟಾರ್ ಆಗೀರಂತಲ್ಲ!" ಎಂದರು ಹಣಮಂತ. "ಇಲ್ಲಿ ಹುಡುಗ್ರೆಲ್ಲ ನಿನ್ನ ವಿಡಿಯೊ ನೋಡ್ಯಾರ. ನನ್ನ ಫೋಟೊಕ್ಕ ಹಾರ ಹಾಕಿದ್ರಂತ? ಛಲೋ ಆತು ಬಿಡು, ಮುಂದಿನ ಕೆಲಸ ಮೊದಲ ಮುಗಿಸಿಬಿಟ್ರು."

"ನಿಮಗ ಎಲ್ಲಾ ಚಾಷ್ಟಿ," ಎಂದೆ.

ಅವರು ನಕ್ಕರು. ಆಮೇಲೆ ನಗು ನಿಂತಿತು. "ಸಾರಿಕಾ, ನಿನ್ನ ಕೈ ಯಾಕ ಬರಿದು ಇದ್ವು?"

"ಶೇಂಗಾ ಬಿಡಸ್ತಿದ್ದೆ. ಮಣ್ಣ ಆಗ್ತಾವಂತ ತಗದಿಟ್ಟಿದ್ದೆ."

"ಗಾಜಿನ ಬಳಿ ತಗದಿಟ್ಟಿದ್ದಿ?"

"ಹೂಂ."

ನನ್ನ ಕೈಗೆ ಆ ಬಳೆ ಎಷ್ಟು ಬಿಗಿ ಎಂದು ಅವರಿಗೆ ಗೊತ್ತು, ಅಳತೆ ಕೊಟ್ಟು ತಂದವರೇ ಅವರು. "ಕಾಳಜಿ ಮಾಡಬ್ಯಾಡ," ಎಂದೆ ನಾನು. ಈ ಸಲ ಅದನ್ನು ನಾನು ಹೇಳಿದೆ. "ಹೂಂ," ಎಂದರು. ಲೈನು ಕಡಿಯಿತು. ಮಾನ್ಯರೇ, ಮನೆಯ ಚಿಂತೆ ಗಡಿಯಲ್ಲಿರುವವನಿಗೆ ತಟ್ಟದಿರಲಿ ಎಂದು ನಾವು ಹಲ್ಲು ಕಚ್ಚಿ ಎಲ್ಲ ನೆಟ್ಟಗಿದೆ ಎನ್ನುತ್ತ ಬಾಳುತ್ತೇವೆ. ತಮ್ಮ ಒಂದು ವಿಡಿಯೊ ನನ್ನ ಬರಿಗೈಯನ್ನು ಹಿಮದಲ್ಲಿ ಬಂದೂಕು ಹಿಡಿದು ನಿಂತವನ ಕಣ್ಣೆದುರಿಗೆ ಇಟ್ಟಿತು. ಅಲ್ಲಿ ಅವನು ಏನನ್ನು ಯೋಚಿಸುತ್ತ ಕಾವಲು ಕಾಯುತ್ತಾನೆ ಎಂಬುದೂ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೇ?

ಅವತ್ತೇ ಅತ್ತೆ ಬಳೆಗಾರ್ತಿ ಇಂದೂಬಾಯಿಯನ್ನು ಕರೆಸಿದರು. "ಈ ಸಲ ಗಟ್ಟಿ ಇದ್ದದ್ದ ಹಾಕ್ತೇನಿ ವೈನೀ," ಎಂದಳು ಅವಳು. "ಬಳಿ ಗಟ್ಟಿ ಇದ್ದು ಏನ ಮಾಡೂದವಾ," ಎಂದರು ಅತ್ತೆ.

ಕೈತುಂಬ ಬಳೆ ತೊಟ್ಟು ನಾನು ಮೊದಲು ಹೋದದ್ದು ಶಾಲನ ಕಾಕುವಿನ ಮನೆಗೆ. ತಾವು ಬಂದುಹೋದಂದಿನಿಂದ ಅವಳು ನಮ್ಮ ಹಿತ್ತಿಲ ಬಾಗಿಲು ದೂಡಿರಲಿಲ್ಲ. ಕೂಗಿದರೂ ಓಗೊಡುತ್ತಿರಲಿಲ್ಲ. ನನ್ನ ಬಳೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು, ಆದರೆ ಒಳಗೆ ಬಾ ಎನ್ನಲಿಲ್ಲ. "ನೀ ಇಲ್ಲಿ ಬರಬ್ಯಾಡ ಸಾರಿಕಾ. ನನ್ನ ಕಾಲ್ಗುಣ ಛಲೋ ಇಲ್ಲ. ನಾ ಬಂದು ಹಿಡಕೊಂಡದ್ದಕ್ಕ ನೀ ಬಳಿ ಒಡಕೊಂಡಿ. ಗಂಡ ಇದ್ದಾಕೀಗೆ ನಾ ರಂಡಿ ಹೋಗಿ ಅಪಶಕುನ ಮಾಡಿದೆ. ಇನ್ನ ಯಾರ ಮನಿಗೂ ನಾ ಓಡೂದಿಲ್ಲ." ಎಷ್ಟು ಹೇಳಿದರೂ ಕೇಳಲಿಲ್ಲ, ಬಾಗಿಲು ಹಾಕಿಕೊಂಡಳು.

ತಮ್ಮ ಕಾರ್ಯಕ್ರಮದ ಫಲಶ್ರುತಿ ಇದು. ಶಾಲು ಸಿಕ್ಕಿತು, ಕಾಕು ಹೋದಳು. ಸಂಬಳವಿಲ್ಲದೆ, ಜೀಪಿಲ್ಲದೆ, ಮುಳ್ಳು ತುಳಿದುಕೊಂಡು ತಾವು ಮಾಡಬೇಕಾದ ಕೆಲಸವನ್ನು ತಮಗಿಂತ ಮುಂಚೆ ಮಾಡಲು ಎಲ್ಲರಿಗೂ ಮುಂದಾಗಿ ಓಡುತ್ತಿದ್ದ ಒಬ್ಬಳು ಖಡಕವಾಡಿಯಲ್ಲಿದ್ದಳು. ಇನ್ನು ಮುಂದೆ ಜೀಪು ತಿರುಗಿದರೆ ಯಾರು ಓಡಬೇಕು? ಅಣಕವಾಡುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನನಗೆ ಭಯವಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ. ವಿಡಿಯೊವನ್ನು ತೆಗೆದುಹಾಕಿ. ತಾವು ಕೊಟ್ಟ ಫೋಟೊವನ್ನು ಅತ್ತೆ ಕೌದಿಯಲ್ಲಿ ಸುತ್ತಿ ಬೋರಲು ಹಾಕಿಟ್ಟಿದ್ದಾರೆ. ತೂಗುಹಾಕಲು ಮನಸ್ಸಿಲ್ಲ, ಎಸೆಯಲು ಕೈ ಬರುವುದಿಲ್ಲ. ದಯವಿಟ್ಟು ಒಯ್ಯಿರಿ. ಹಾರ ಒಣಗಿದೆ, ಅದನ್ನೂ.

ಅದನ್ನು ಒಯ್ಯಲು ಬಂದಾಗ ಮೊದಲು ಶಾಲನ ಕಾಕುವಿನ ಮನೆಗೆ ಹೋಗಿ. ಅಂದು ನೀರು ಕುಡಿದು ಹೋದ ಮೇಲೆ ತಮ್ಮ ಕಚೇರಿಯ ಯಾರೂ ಆ ಮನೆಗೆ ಮರಳಿ ಬಂದಿಲ್ಲ. ಕ್ಯಾಮೆರಾ ಬೇಡ, ಶಾಲು ಬೇಡ. ನಿಮ್ಮ ಕಾಲ್ಗುಣದಿಂದ ಏನೂ ಆಗಿಲ್ಲ, ತಪ್ಪು ನಮ್ಮದು ಎಂದು ಅವಳಿಗೆ ಹೇಳಿ. ನನ್ನ ಮಾತು ಕೇಳಲಿಲ್ಲ. ಸಾಹೇಬರ ಮಾತು ಕೇಳಿಯಾಳು.

ಆಮೇಲೆ ಮತ್ತೆ ಬನ್ನಿ. ಸುದ್ದಿ ಇಲ್ಲದ ದಿನ ಬನ್ನಿ. ನಳದಲ್ಲಿ ನೀರು ಬಂತೇ ಎಂದು ಕೇಳಲು ಬನ್ನಿ, ಅತ್ತೆಯ ಉಸಿರು ಹೇಗಿದೆ ಎಂದು ಕೇಳಲು ಬನ್ನಿ, ಸುಮ್ಮನೆ ಹಾದು ಹೋಗುವಾಗ ಬನ್ನಿ. ಹಣಮಂತ ಅವರ ತುಕಡಿಯಲ್ಲಿ ಮೊದಲೇ ಕೇಳಿಕೊಂಡು, ಇದ್ದಾನೆ ಎಂಬ ಒಂದು ಶಬ್ದ ಹಿಡಿದುಕೊಂಡು ಬನ್ನಿ. ನಮ್ಮ ಓಣಿಯ ನಾಯಿಗಳು ಜೀಪು ಕಂಡು ಬೊಗಳುವುದನ್ನು ಬಿಡುವಷ್ಟು ಸಲ ಬನ್ನಿ. ಮಾರುತಿ ಗುಡಿಯ ಹತ್ತಿರ ಜೀಪು ತಿರುಗಿತೆಂದರೆ ನಮ್ಮೂರ ಹೆಂಗಸರು ಎದೆ ಹಿಡಿದುಕೊಳ್ಳದೆ ಚಹಾಕ್ಕೆ ನೀರಿಡುವಂತಾಗಬೇಕು.

ಒಂದು ದಿನ ತಾವು ನಿಜವಾಗಿಯೂ ಆ ಸುದ್ದಿ ಹೊತ್ತು ಬರಬೇಕಾದೀತು. ಫೌಜಿಯ ಹೆಂಡತಿಯಾದ ನನಗೆ ಅದು ಗೊತ್ತಿದೆ. ಅವತ್ತೂ ತಾವು ಜೀಪಿನಿಂದ ಇಳಿದು ಬಾಗಿಲಿಗೆ ಬರುವವರೆಗೆ, ಸಾಹೇಬರು ಚಹಾ ಕುಡಿಯಲು ಬಂದರು ಎಂದೇ ನಾನು ತಿಳಿದಿರಬೇಕು. ಅಷ್ಟು ಹೊತ್ತು ಹೆಚ್ಚಿಗೆ ನನ್ನ ಗಂಡ ನನ್ನ ಪಾಲಿಗೆ ಬದುಕಿರುತ್ತಾರೆ. ತಮ್ಮ ಕಚೇರಿಯಿಂದ ನಾನು ಬೇಡುವ ಗೌರವ ಅದೊಂದೇ.

ಇಂತಿ,
ಹೋದ ಭಾನುವಾರದ ಫೋನಿನ ಪ್ರಕಾರ ಮುತ್ತೈದೆಯಾಗಿರುವ
ಸಾರಿಕಾ ಹಣಮಂತ ನಿಕಮ್
ಖಡಕವಾಡಿ